ಮಡಿಕೆ ಬಿಚ್ಚದ ಸೀರೆ

“ಬುದ್ಧಿ, ಊರಿಗೆ ಬೇನೆ ಬಂದಿದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ದೇಶ ಬಿಟ್ಟು ಹೋಗಲೇ, ಇಲ್ಲೇ ಇರಲೇ?”

ಕರಿಬಸವ ಹೀಗೆ ಕೇಳಿದಾಗ ಮಠದ ಜಗಲಿಯಲ್ಲಿ ಗುರುಗಳೊಬ್ಬರೇ ಕೂತಿದ್ದರು. ಬೇನೆಯ ಹೆದರಿಕೆಗೆ ಶಿಷ್ಯರು ಬರುವುದು ನಿಂತುಹೋಗಿತ್ತು. ಕರಿಬಸವನೂ ಜಗಲಿ ಹತ್ತದೆ ಅಂಗಳದಲ್ಲೇ ನಿಂತಿದ್ದ.

“ಎಲ್ಲಿಗೆ ಹೋಗುತ್ತೀಯಪ್ಪ?” ಎಂದರು ಗುರುಗಳು.

“ಹೊಳೆಯಾಚೆ, ಪರರಾಜ್ಯಕ್ಕೆ. ಅಲ್ಲಿ ನನ್ನ ಷಡ್ಡಕನ ಮನೆಯಿದೆ. ಬೇನೆ ಇನ್ನೂ ಅಲ್ಲಿಗೆ ಹೋಗಿಲ್ಲ. ನನ್ನ ಜೀವದ ಆಸೆ ನನಗಿಲ್ಲ ಬುದ್ಧಿ. ಹೆಂಡತಿ ನೀಲವ್ವ ಇದ್ದಾಳೆ, ಮಗ ಶಂಭು ಇದ್ದಾನೆ, ತೊಟ್ಟಿಲಲ್ಲಿ ಗಂಗೆ ಇದ್ದಾಳೆ. ಇವತ್ತು ಬೆಳಿಗ್ಗೆ ಗಂಗೆ ಸೀನಿದಳು. ಆಗಲೇ ಗಾಡಿ ಕಟ್ಟಿಸಿಟ್ಟು ಇಲ್ಲಿಗೆ ಓಡಿಬಂದೆ.”

“ಸೀನಿದ್ದಕ್ಕೇ?”

“ಸೀನಿದ್ದಕ್ಕೇ, ಬುದ್ಧಿ.”

ಗುರುಗಳು ನಗಲಿಲ್ಲ. “ಕೂತುಕೋ. ಹೋಗುವವನು ಒಂದು ಕತೆ ಕೇಳಿಕೊಂಡು ಹೋಗು. ಅಷ್ಟರಲ್ಲಿ ನಿನ್ನ ಗಾಡಿ ನಿನ್ನನ್ನು ಬಿಟ್ಟು ಹೊಳೆ ದಾಟುವುದಿಲ್ಲ” ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಹೆಂಡತಿ, ಒಬ್ಬನೇ ಮಗ, ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಒಂದು ಮಗ್ಗ, ಇಷ್ಟೇ ಅವನ ಸಂಸಾರ. ಕೈಕೆಲಸದಲ್ಲಿ ಗಟ್ಟಿಗ. ಅವನು ನೇಯ್ದ ಸೀರೆಯ ಸೆರಗು ಹಿಡಿದು ಜಗ್ಗಿದರೆ ಜಗ್ಗಿದವನೇ ಸೋಲಬೇಕು. ಮನಸ್ಸು ಮಾತ್ರ ಪುಕ್ಕಲು.

ಒಂದು ಬೆಳಿಗ್ಗೆ ಅವನು ಗುಂಡಿಯೊಳಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತ. ಅಂಗಾಲಿಗೆ ಏನೋ ಮೆತ್ತಗೆ ತಗುಲಿತು. ಬಗ್ಗಿ ನೋಡಿದ. ಸತ್ತ ಇಲಿ.

ಇಲಿ ಸತ್ತರೇನಂತೆ ಎನ್ನಬೇಡ. ಆ ಕಾಲದಲ್ಲಿ ಇಲಿ ಬಿದ್ದ ಮನೆಯಲ್ಲಿ ಹಿಂದೆಯೇ ಮನುಷ್ಯರು ಬೀಳುತ್ತಿದ್ದರು. ಮೊದಲು ಜ್ವರ, ಆಮೇಲೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಒಂದು ಗಡ್ಡೆ. ಗಡ್ಡೆ ಎದ್ದವರು ಉಳಿದದ್ದು ಅಪರೂಪ. ನೇಕಾರ ಇಲಿಯನ್ನು ಬಾಲ ಹಿಡಿದೆತ್ತಿ ದೂರದ ತಿಪ್ಪೆಗೆ ಎಸೆದು ಬಂದ. ಹೆಂಡತಿಗೆ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಮತ್ತೆ ಮಗ್ಗಕ್ಕೆ ಕೂತು ಲಾಳಿ ಎಸೆದ. ಲಾಳಿ ಗುರಿ ತಪ್ಪಿ ನೆಲಕ್ಕೆ ಬಿತ್ತು.

ಅಂದಿನಿಂದ ಅವನಿಗೊಂದು ಚಾಳಿ ಹತ್ತಿತು. ಬೆಳಿಗ್ಗೆ ಎದ್ದ ಕೂಡಲೇ ಮಗನಿಗೆ ಕಚಗುಳಿ ಇಡುತ್ತಿದ್ದ. ಹುಡುಗ ಬಿದ್ದು ಬಿದ್ದು ನಗುತ್ತಿದ್ದ. ಇವರಿಗೆ ಇದ್ದಕ್ಕಿದ್ದ ಹಾಗೆ ಇಷ್ಟು ಮುದ್ದು ಎಲ್ಲಿಂದ ಬಂತಪ್ಪ ಎಂದು ಹೆಂಡತಿಗೆ ಸೋಜಿಗ. ಮುದ್ದು ಎಲ್ಲಿಯದು? ಅವನ ಬೆರಳು ಮಗನ ಕಂಕುಳಲ್ಲಿ ಗಡ್ಡೆ ಹುಡುಕುತ್ತಿತ್ತು. ಸಿಗಲಿಲ್ಲವೆಂದರೆ ಆ ದಿನದ ಮಟ್ಟಿಗೆ ಉಸಿರು ಬಿಡುತ್ತಿದ್ದ.

ಬೀದಿಯಲ್ಲಿ ಒಂದು ಮನೆಯ ಬಾಗಿಲು ಮುಚ್ಚಿತು. ಅದರ ಪಕ್ಕದ್ದೂ ಮುಚ್ಚಿತು. ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಆಗ ಊರ ಯಜಮಾನರು ಎಲ್ಲರನ್ನೂ ಸೇರಿಸಿ ಹೇಳಿದರು. ಊರು ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳೋಣ. ಬೇನೆ ಇಳಿಯುವ ತನಕ ಯಾರೂ ಬೇರೆ ಊರಿಗೆ ಹೋಗುವುದು ಬೇಡ.

ಎಲ್ಲರೂ ಒಪ್ಪಿದರು. ನೇಕಾರನೂ ತಲೆಯಾಡಿಸಿದ. ಮನೆಗೆ ಬಂದವನಿಗೆ ಅನ್ನ ಸೇರಲಿಲ್ಲ. ಗುಡಿಸಲಿನಲ್ಲಿದ್ದರೆ ಪಕ್ಕದ ಗುಡಿಸಲಿನವನು ಕೆಮ್ಮಿದ್ದು ಕೇಳಿಸುತ್ತದೆ. ಅವನಿಗೆ ಬಂದದ್ದು ತನ್ನ ಮಗನಿಗೆ ಬಾರದೆ ಇರುತ್ತದೆಯೇ? ಘಟ್ಟದಾಚೆ, ಬೇರೆ ರಾಜ್ಯದಲ್ಲಿ, ತಂಗಿಯ ಊರಿದೆ. ಅಲ್ಲಿ ಇಲಿ ಬಿದ್ದ ಸುದ್ದಿಯಿಲ್ಲ. ಹೋಗೋಣವೆಂದರೆ ಮಗ್ಗದ ಮೇಲೆ ಅರ್ಧ ನೇಯ್ದ ಹಾಸು. ದಾರಿಯಲ್ಲಿ ಏನು ಕಾದಿದೆಯೋ ಗೊತ್ತಿಲ್ಲ. ಒಂದು ಹೊತ್ತು ಗಂಟು ಕಟ್ಟುವನು, ಇನ್ನೊಂದು ಹೊತ್ತಿಗೆ ಬಿಚ್ಚುವನು. ಕಟ್ಟಿದರೂ ಎದೆ ಹೊಡೆದುಕೊಳ್ಳುತ್ತಿತ್ತು, ಬಿಚ್ಚಿದರೂ ಹೊಡೆದುಕೊಳ್ಳುತ್ತಿತ್ತು. ಕಂಡಕಂಡವರನ್ನು ಕೇಳಿದ. ಹೊರಟವರು ಹೋಗು ಎಂದರು. ಉಳಿದವರು ಇರು ಎಂದರು. ಅಷ್ಟು ಹೇಳುವುದಕ್ಕೆ ಅವರೇ ಬೇಕಿತ್ತೇ?

ಕೊನೆಗೆ ತೀರ್ಮಾನ ಮಾಡಿದ್ದು ಅವನಲ್ಲ. ಇನ್ನೊಂದು ಇಲಿ ಬಿತ್ತು. ಅದು ಬಿದ್ದದ್ದು ಮಗ ಮಲಗುವ ಚಾಪೆಯ ಹತ್ತಿರ. ನೇಕಾರ ಕತ್ತರಿ ತೆಗೆದು ಮಗ್ಗದ ಮೇಲಿನ ಹಾಸನ್ನು ಕತ್ತರಿಸಿ ಬಿಸಾಡಿದ. ಅವನ ಮನೆತನದಲ್ಲಿ ಯಾರೂ ಆ ಕೆಲಸ ಮಾಡಿರಲಿಲ್ಲ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಿಗೂ ಆಗ ಎಲ್ಲ ತಿಳಿಯಿತು.

ಹೊರಡುವಾಗ ಅವನು ಗೋಡೆಯ ಗೂಡಿನಿಂದ ಒಂದು ಸೀರೆ ತೆಗೆದುಕೊಂಡ. ಹಸಿರು ಒಡಲು, ಕೆಂಪು ಅಂಚು. ಹಬ್ಬಕ್ಕೆ ತಂಗಿಗೆ ಕೊಡಬೇಕೆಂದು ಅವನೇ ನೇಯ್ದು, ಗಂಜಿ ಹಾಕಿ, ಮಡಿಚಿ ಇಟ್ಟಿದ್ದ. ತವರಿನಿಂದ ಅಣ್ಣ ಹೋಗುವಾಗ ಬರಿಗೈಯಲ್ಲಿ ಹೋಗುವುದುಂಟೇ?

ದಾರಿಯ ಊರುಗಳಲ್ಲಿ ಯಾರೂ ಅವರನ್ನು ಹತ್ತಿರ ಸೇರಿಸಲಿಲ್ಲ. ಬಾವಿಕಟ್ಟೆಯ ಮೇಲೆ ಗಂಡಸರು ದೊಣ್ಣೆ ಹಿಡಿದು ನಿಂತಿದ್ದರು. ಮಗುವಿಗೆ ನೀರು ಬೇಕು ಎಂದು ಕೈಮುಗಿದರೆ ದೂರದಿಂದಲೇ ಮಡಕೆ ಇಟ್ಟು ಹಿಂದೆ ಸರಿದರು. ನೇಕಾರನಿಗೆ ಮೈಯೆಲ್ಲ ಉರಿಯಿತು. ನಾವೇನು ಬೇನೆ ಹೊತ್ತು ತಂದಿದ್ದೇವೆಯೇ, ನಾವೂ ಹೆದರಿ ಓಡಿಬಂದವರೇ ಅಲ್ಲವೇ ಎಂದು ಗೊಣಗಿದ. ಅವರೂ ಹೆದರಿದ್ದರು ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಘಟ್ಟದ ಬುಡದಲ್ಲಿ ಗಡಿಯ ಕಾವಲಿತ್ತು. ಕಾವಲಿನವರು ಕೆಟ್ಟವರಲ್ಲ, ಕಟ್ಟುನಿಟ್ಟಿನವರು. ಬಂದವರನ್ನು ಹೊರಗಿನ ಚಪ್ಪರದಲ್ಲಿ ಕೆಲವು ದಿನ ಇರಿಸಿ, ಜ್ವರ ಬಾರದೆ ಇದ್ದರೆ ಮಾತ್ರ ಒಳಗೆ ಬಿಡುತ್ತಿದ್ದರು. ಹಾಸಿಗೆ ಕಂಬಳಿಗಳನ್ನು ಸುಡಬೇಕು. ಉಟ್ಟದ್ದು, ಗಂಟಿನಲ್ಲಿದ್ದದ್ದು, ಎಲ್ಲ ಬಟ್ಟೆಯನ್ನೂ ಕೊಪ್ಪರಿಗೆಯ ಕುದಿನೀರಿಗೆ ಹಾಕಬೇಕು. ನೇಕಾರ ಅವರು ಹೇಳಿದ್ದನ್ನೂ ಮಾಡಿದ, ಹೇಳದಿದ್ದದ್ದನ್ನೂ ಮಾಡಿದ. ಮಗನ ತಲೆ ಬೋಳಿಸಿದ. ಬೇವಿನ ಸೊಪ್ಪು ಅರೆದು ಮೂವರ ಮೈಗೂ ಬಳಿದ. ಚಪ್ಪರದಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಮಗನನ್ನು ಎತ್ತಿಕೊಂಡು ಇನ್ನೊಂದು ಮೂಲೆಗೆ ಓಡುತ್ತಿದ್ದ. ಬೆಳಗಿನ ಕಚಗುಳಿ ಅಲ್ಲಿಯೂ ತಪ್ಪಲಿಲ್ಲ.

ಸೀರೆಯೊಂದು ಮಾತ್ರ ಪಾತ್ರೆಗಳ ಬುಟ್ಟಿಯ ತಳದಲ್ಲಿ ಉಳಿಯಿತು. ಹೆಂಡತಿ ನೋಡಿದಳು.

“ಅದನ್ನೂ ಹಾಕಿಬಿಡಿ. ಅದೂ ನಮ್ಮ ಮನೆಯಲ್ಲೇ ಇದ್ದದ್ದಲ್ಲವೇ?”

“ನಿನಗೇನು ತಲೆ ಕೆಟ್ಟಿದೆಯೇ? ಕುದಿನೀರಿಗೆ ಹಾಕಿದರೆ ಗಂಜಿ ಹೋಗುತ್ತದೆ, ಬಣ್ಣ ಬಿಡುತ್ತದೆ. ಮಡಿಕೆ ಬಿಚ್ಚಿದ ಸೀರೆಯನ್ನು ಒಡಹುಟ್ಟಿದವಳ ಕೈಗೆ ಕೊಡಲೇ? ಯಾರೋ ಉಟ್ಟು ಬಿಟ್ಟದ್ದನ್ನು ತಂದುಕೊಟ್ಟ ಹಾಗಾಗುತ್ತದೆ. ನಾನು ನೇಕಾರ ಕಣೇ. ಯಾರ ಮೈಗೂ ತಾಗದ ಸೀರೆ ಇದು, ಇದರಲ್ಲಿ ಯಾವ ಬೇನೆ ಇರುತ್ತದೆ?”

ಹೆಂಡತಿ ಸೀರೆಯ ಮೇಲೆ ಪಾತ್ರೆಗಳನ್ನು ಜೋಡಿಸಿದಳು. ನಾದಿನಿಯ ಮನೆಗೆ ಬರಿಗೈಯಲ್ಲಿ ಹೋಗಲು ಅವಳಿಗೂ ಮನಸ್ಸಿರಲಿಲ್ಲ. ಕಾವಲಿನವನು ಬಂದು ಎಲ್ಲವನ್ನೂ ಹಾಕಿದಿರಾ ಎಂದು ಕೇಳಿದ. ಎಲ್ಲ ಹಾಕಿದೆವು ಸ್ವಾಮಿ ಎಂದ ನೇಕಾರ.

ನೋಡು ಕರಿಬಸವ, ಸುಳ್ಳು ಹೇಳಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಅವನ ಮಟ್ಟಿಗೆ ಅದು ಬಟ್ಟೆಯಲ್ಲ, ಉಡುಗೊರೆ.

ಮೂವರಿಗೂ ಜ್ವರ ಬರಲಿಲ್ಲ, ಕಾವಲಿನವರು ಒಳಗೆ ಬಿಟ್ಟರು. ತಂಗಿ ಅಣ್ಣನನ್ನು ಕಂಡು ಬಾಗಿಲಲ್ಲೇ ಅತ್ತುಬಿಟ್ಟಳು. ಬೇನೆಯ ಊರಿನಿಂದ ಬಂದವರನ್ನು ಒಳಗೆ ಸೇರಿಸುತ್ತೀಯಾ ಎಂದು ನೆರೆಯವರು ಎಗರಾಡಿದರು. ನನ್ನ ಒಡಹುಟ್ಟಿದವನನ್ನು ಬೀದಿಯಲ್ಲಿ ನಿಲ್ಲಿಸಲೇ ಎಂದು ಅವಳು ಅವರ ಬಾಯಿ ಮುಚ್ಚಿಸಿದಳು. ಅವಳ ಗಂಡ ಬಾಡಿಗೆ ಬಂಡಿ ಹೊಡೆಯುವವನು, ಊರಲ್ಲಿರುವುದೇ ಕಡಿಮೆ. ಮನೆಯಲ್ಲಿ ಇದ್ದದ್ದು ಅವಳೂ ಅವಳ ಒಬ್ಬಳೇ ಮಗಳೂ. ಕಾಲಿಗೆ ನೀರು ಕೊಟ್ಟಳು, ಬಿಸಿಬಿಸಿ ಊಟ ಬಡಿಸಿದಳು. ನೇಕಾರ ಸೀರೆ ಕೊಟ್ಟ. ಅವಳು ಮಡಿಕೆಯ ಅಂಚಿಗೆ ಅರಿಸಿನ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಂಡಳು. ಹಬ್ಬದ ದಿನವೇ ಮಡಿಕೆ ಬಿಚ್ಚುತ್ತೇನೆ ಎಂದಳು.

ಮಗಳಿಗೆ ಹೊಸ ಸೀರೆಯ ಗಂಜಿ ವಾಸನೆ ಬಹಳ ಹಿಡಿಸಿತು. ಮಾವ ನೇಯ್ದದ್ದು ಎಂದು ಅದನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡೇ ಮಲಗಿದಳು.

ಎಷ್ಟೋ ದಿನಗಳ ಮೇಲೆ ನೇಕಾರ ಕಣ್ತುಂಬ ನಿದ್ದೆ ಮಾಡಿದ. ಗೆದ್ದೆ ಅಂದುಕೊಂಡ. ಹೊಲದ ಗುಡಿಸಲುಗಳಲ್ಲಿ ನಡುಗುತ್ತಿರುವ ತನ್ನ ಊರಿನವರನ್ನು ನೆನೆದು ಅಯ್ಯೋ ಪಾಪ ಅಂದ. ಆದರೂ ಚಾಳಿ ಬಿಡಲಿಲ್ಲ. ಎದ್ದವನೇ ಮಗನಿಗೆ ಕಚಗುಳಿ ಇಡುವನು. ಏನೂ ಇಲ್ಲ. ಮರುದಿನವೂ ಏನೂ ಇಲ್ಲ. ಅಣ್ಣ ಮಗನ ಜೊತೆ ತಾನೂ ಮಗುವಾಗಿದ್ದಾನೆ ಎಂದು ತಂಗಿ ನಗುತ್ತಿದ್ದಳು.

ಒಂದು ವಾರ ಕಳೆದಿರಬಹುದು. ಬೆಳಿಗ್ಗೆ ಅವನು ಮಗನ ಕಂಕುಳು ನೋಡಿ, ಉಸಿರು ಬಿಟ್ಟು, ಕೈ ತೆಗೆದ. ಪಕ್ಕದಲ್ಲಿ ಮಲಗಿದ್ದ ತಂಗಿಯ ಮಗಳು ಎದ್ದು ಕೂತು ತೋಳು ಮೇಲೆತ್ತಿದಳು.

“ಮಾವ, ನನಗೂ.”

ಅವನು ನಗುತ್ತಲೇ ಕೈ ಚಾಚಿದ. ಮಗುವಿನ ಮೈ ಸುಡುತ್ತಿತ್ತು. ಕಂಕುಳಲ್ಲಿ ಬೆರಳಿಗೆ ಗಡ್ಡೆ ತಗುಲಿತು. ಮಗು ನಗಲಿಲ್ಲ, ನೋವಿಗೆ ಚೀರಿತು.

ಆಗ ಅವನಿಗೆ ಮೊದಲು ಬಂದ ಯೋಚನೆ ಯಾವುದು ಗೊತ್ತೇ? ಅಯ್ಯೋ ಈ ಮಗು ಎಂದಲ್ಲ. ನನ್ನ ಮಗ ಇವಳ ಪಕ್ಕದಲ್ಲಿ ಮಲಗಿದ್ದನಲ್ಲ ಎಂದು. ಎಡಗೈಯಿಂದ ಮಗನನ್ನು ಹಿಂದಕ್ಕೆ ತಳ್ಳಿಬಿಟ್ಟ. ತಳ್ಳಿದ ಮೇಲೆ, ಇನ್ನೂ ತೋಳೆತ್ತಿಕೊಂಡೇ ಕೂತಿದ್ದ ಆ ಮಗುವನ್ನು ನೋಡಲಾರದೆ ತಲೆ ತಗ್ಗಿಸಿದ.

ಮಗು ಉಳಿಯಲಿಲ್ಲ. ಅದರ ಅಪ್ಪ ಇನ್ನೂ ದಾರಿಯಲ್ಲೇ ಇದ್ದ. ನೆರೆಯವರು ಯಾರೂ ಹೊಸಿಲು ದಾಟಲಿಲ್ಲ. ಹೆಣಕ್ಕೆ ಹೊದಿಸಲು ಹೊಸ ಬಟ್ಟೆ ಬೇಕಾಯಿತು. ತಂಗಿ ದಿಂಬಿನ ಪಕ್ಕದಲ್ಲಿದ್ದ ಸೀರೆಯನ್ನು ತಂದಳು. ಇಷ್ಟಪಟ್ಟಿದ್ದಳು, ಇದೇ ಇರಲಿ ಎಂದು ಮಡಿಕೆ ಬಿಚ್ಚಿದಳು.

ಹೊರಗಿನ ಮಡಿಕೆ ಚೆನ್ನಾಗಿತ್ತು. ಒಳಗಿನದರಲ್ಲಿ ಒಂದು ತೂತು. ಅದರ ಮುಂದಿನದರಲ್ಲಿ ಇನ್ನೊಂದು. ಬಿಚ್ಚಿದಷ್ಟೂ ತೂತು, ಸಾಲಾಗಿ, ಒಂದೇ ಜಾಗದಲ್ಲಿ. ಮೊಳೆಗೆ ಸಿಕ್ಕಿ ಹರಿದ ತೂತು ಯಾವುದು, ಇಲಿ ನೂಲು ಕಡಿದ ತೂತು ಯಾವುದು ಎಂದು ನೇಕಾರನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಊರಿನ ಮನೆಯ ಗೋಡೆಗೂಡಿನಲ್ಲಿದ್ದಾಗಲೇ ಇಲಿ ಇದರ ಮಡಿಕೆಯೊಳಗೆ ಹೊಕ್ಕಿತ್ತು.

ತಂಗಿಗೂ ತೂತುಗಳು ಕಂಡವು. ಅಣ್ಣನ ಮುಖ ನೋಡಿದಳು. ಅದು ಬಿಳಿಚಿಕೊಂಡಿತ್ತು. ತಂದ ಉಡುಗೊರೆ ಹಾಳಾಯಿತೆಂದು ಅಣ್ಣ ನೊಂದುಕೊಂಡ ಎಂದು ತಿಳಿದಳು.

“ದಾರಿಯಲ್ಲಿ ಎಲ್ಲೋ ಹರಿದಿದೆ, ಬಿಡಣ್ಣ. ನೀನು ಬಂದಿದ್ದೀಯಲ್ಲ, ಅದೇ ದೊಡ್ಡದು. ಈ ಹೊತ್ತಿನಲ್ಲಿ ನೀನೂ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು?” ಎಂದು ಅವನ ಭುಜಕ್ಕೆ ತಲೆಯಿಟ್ಟು ಅತ್ತಳು.

ಬಾಗಿಲ ಹತ್ತಿರ ನೇಕಾರನ ಮಗ ನಿಂತಿದ್ದ. ಅವನಿಗೆ ಏನೂ ಆಗಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಷಡ್ಡಕನ ಮನೆಗೆಂದು ಹೆಂಡತಿ ಕಟ್ಟಿಟ್ಟಿದ್ದ ಗಂಟು ಕರಿಬಸವನ ಕಣ್ಣ ಮುಂದೆ ಬಂತು. ಅದರಲ್ಲಿ ಏನೇನಿದೆ ಎಂದು ಅವನು ಕೇಳಿರಲಿಲ್ಲ.

“ಹಾಗಾದರೆ ಅವನು ಹೋಗಬಾರದಿತ್ತೇ ಬುದ್ಧಿ? ಮಗನನ್ನು ಇಲಿ ಬಿದ್ದ ಊರಿನಲ್ಲೇ ಇಟ್ಟುಕೊಂಡು ಕೂರಬೇಕಿತ್ತೇ?”

“ಹಾಗೆಂದು ನಾನೆಲ್ಲಿ ಹೇಳಿದೆ? ಹೊಲದ ಗುಡಿಸಲಲ್ಲಿ ಉಳಿದವರಲ್ಲೂ ಸತ್ತವರಿದ್ದರು. ಹೆದರಿದ್ದೂ ಅವನ ತಪ್ಪಲ್ಲ. ಮಕ್ಕಳಿರುವವನು ಹೆದರದೆ ಇನ್ಯಾರು ಹೆದರಬೇಕು?”

“ಮತ್ತೆ ನಾನೇನು ಮಾಡಲಿ? ಹೋಗಲೇ, ಇರಲೇ?”

“ಬಂದ ಕೂಡಲೇ ನಿನ್ನ ಮಕ್ಕಳ ಹೆಸರನ್ನೆಲ್ಲ ಹೇಳಿದೆಯಲ್ಲ, ಈಗ ನಿನ್ನ ಷಡ್ಡಕನ ಮಕ್ಕಳ ಹೆಸರು ಹೇಳು” ಎಂದರು ಗುರುಗಳು.

ಕರಿಬಸವನಿಗೆ ಆ ಹೆಸರುಗಳು ಗೊತ್ತಿದ್ದವು. ಬಾಯಿ ತೆರೆದ. ಒಂದೂ ಹೊರಡಲಿಲ್ಲ.