ತೊಡೆಯ ಮೇಲಿನ ಪೇಟ

ಶಿಷ್ಯ ಚೆನ್ನವೀರ ಕೇಳಿದ: "ಗುರುಗಳೇ, ತಾಳ್ಮೆಯ ಬಗ್ಗೆ ಊರೂರಿನಲ್ಲಿ ಭಾಷಣ ಮಾಡುತ್ತೇನೆ. ಇವತ್ತು ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಡುಗೆಯ ಸಂಗಣ್ಣನವರ ಮೇಲೆ ಕೂಗಾಡಿಬಿಟ್ಟೆ. ಅವರು ಮಠ ಬಿಟ್ಟು ಹೊರಟು ನಿಂತಿದ್ದಾರೆ. ಕಲಿತದ್ದೆಲ್ಲ ಆಗ ಎಲ್ಲಿ ಹೋಗಿತ್ತು?"

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಗಾಯಕನಿದ್ದ. ದೆಹಲಿಯ ಕನ್ನಡ ಸಂಘದವರು ಅವನನ್ನು ಕಛೇರಿಗೆ ಕರೆದರು. ಬೆಳಿಗ್ಗೆ ವಿಮಾನ, ಸಂಜೆ ಹಾಡು. ಅಷ್ಟು ದೊಡ್ಡ ಸಭೆ ಅವನಿಗೆ ಅದೇ ಮೊದಲು.

ಅವನ ಬಳಿ ಒಂದು ಡಬ್ಬಿ ಇತ್ತು. ಅದರಲ್ಲಿ ಗಂಟಲಿಗೆ ಜ್ಯೇಷ್ಠಮಧು, ಲವಂಗ, ಕಲ್ಲುಸಕ್ಕರೆ, ಕಿವಿಗೆ ಹತ್ತಿ. ಹೆಂಡತಿ ಹೇಳಿದಳು: "ರೀ, ಡಬ್ಬಿ ಕೈಚೀಲದಲ್ಲಿರಲಿ."

"ಅದು ಕಳೆದುಹೋದರೆ ನನ್ನ ಗತಿ? ದೊಡ್ಡ ಪೆಟ್ಟಿಗೆಯಲ್ಲಿ, ಪಂಚೆಯ ಮಡಿಕೆಯೊಳಗೆ ಭದ್ರವಾಗಿರಲಿ. ಬೀಗ ಹಾಕು."

"ಮತ್ತೆ ಕೈಚೀಲಕ್ಕೆ?"

"ಊರಿನವರು ಸನ್ಮಾನದಲ್ಲಿ ತೊಡಿಸಿದ ಮೈಸೂರು ಪೇಟ. ದೆಹಲಿಯವರು ನೋಡಬೇಡವೇ? ಪೆಟ್ಟಿಗೆಯಲ್ಲಿ ಚಪ್ಪಟೆಯಾಗುತ್ತದೆ."

"ಸರಿ ಬಿಡಿ, ಸಂಜೆ ಪೇಟವೇ ಹಾಡಲಿ," ಎಂದು ಅವಳು ಬೀಗ ಹಾಕಿದಳು.

ವಿಮಾನ ಮೇಲೇರಿತು. ಪೇಟವನ್ನು ಕೈಚೀಲದಿಂದ ತೆಗೆದು ಗಾಯಕ ತೊಡೆಯ ಮೇಲಿಟ್ಟುಕೊಂಡಿದ್ದ. ಒಳಗಿನ ಗಾಳಿ ಒಣ, ತಂಪು. ಗಾಯಕನ ಗಂಟಲು ಕೆರೆಯತೊಡಗಿತು. ಅವನು ಗಗನಸಖಿಯನ್ನು ಕರೆದ. "ತಾಯಿ, ನನ್ನ ಪೆಟ್ಟಿಗೆ ಇಲ್ಲೇ ಕೆಳಗಿದೆ. ಒಂದು ಡಬ್ಬಿ ಬೇಕಿತ್ತು."

"ಇಳಿದ ಮೇಲೆ ಸಿಗುತ್ತದೆ, ಸರ್," ಎಂದು ಅವಳು ನೀರು ಕೊಟ್ಟಳು.

ಕಿವಿಗೂ ಚಳಿ ಹತ್ತಿತು. ಬೇರೆ ದಾರಿ ಕಾಣದೆ ಪೇಟವನ್ನೇ ತಲೆಗಿಟ್ಟು ಕಿವಿಯವರೆಗೆ ಎಳೆದುಕೊಂಡ. ಪಕ್ಕದಲ್ಲಿದ್ದ ವ್ಯಾಪಾರಿ ಕೇಳಿದ: "ಮದುವೆ ಎಲ್ಲಿ, ಸ್ವಾಮಿ? ನೀವು ಗಂಡಿನ ಕಡೆಯವರೋ, ನೀವೇ ಗಂಡೋ?" ಗಾಯಕ ಬಾಯಿ ತೆರೆದ. ಎಣ್ಣೆ ಕಾಣದ ಬಾಗಿಲಿನ ಸದ್ದು ಬಂತು. ಸುಮ್ಮನೆ ತಲೆಯಾಡಿಸಿದ. ವಿಮಾನ ಇಳಿಯುವಾಗ ಕಿವಿಯೂ ಕಟ್ಟಿತು. ವ್ಯಾಪಾರಿ ಶುಭ ಹಾರೈಸಿದ್ದು ಕೇಳಿಸಲಿಲ್ಲ.

ಅವನ ಪೆಟ್ಟಿಗೆ ಎಲ್ಲರದಕ್ಕಿಂತ ಕೊನೆಗೆ ಬಂತು. ದಾರಿಯುದ್ದಕ್ಕೂ ಜ್ಯೇಷ್ಠಮಧು ಜಗಿದ. ಆದರೆ ಗಂಟಲು ಅಷ್ಟು ಬೇಗ ತೆರೆಯಲಿಲ್ಲ. ಸಂಜೆ ಅವನ ದನಿ ಕೆಳಗಿನ ಸ್ವರಗಳನ್ನು ಬಿಟ್ಟು ಮೇಲೇರಲಿಲ್ಲ. ಏರಬೇಕಾದಲ್ಲೆಲ್ಲ ಪಿಟೀಲಿನವರೇ ಏರಿದರು. ಚಪ್ಪಾಳೆಯೂ ಅಲ್ಲಿಗೇ ಬಿತ್ತು. ಕೊನೆಗೆ ಸಂಘದವರು ಹೊಸದೊಂದು ಪೇಟ ತಂದರು. ಗಾಯಕ ತಲೆ ಬಾಗಿಸಿದ. ಪೇಟ ಅವನನ್ನು ದಾಟಿ ಪಿಟೀಲಿನವರ ತಲೆಯ ಮೇಲೆ ಕೂತಿತು.

ಮರಳುವಾಗ ಡಬ್ಬಿ ಅವನ ಜುಬ್ಬದ ಜೇಬಿನಲ್ಲಿತ್ತು. ಅವನ ಪೇಟ ಪೆಟ್ಟಿಗೆಯೊಳಗೆ ಚಪ್ಪಟೆಯಾಗಿ ಮಲಗಿತ್ತು.

ಚೆನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಮನುಷ್ಯ, ಗುರುಗಳೇ! ಬೇಕಾದದ್ದನ್ನು ದೂರವಿಟ್ಟು, ತೋರಿಸುವುದನ್ನು ತೊಡೆಯ ಮೇಲಿಟ್ಟುಕೊಂಡನಲ್ಲ!"

ಗುರುಗಳೂ ನಕ್ಕರು. "ಊಟಕ್ಕೆ ಕೂತಾಗ ನಿನ್ನ ತೊಡೆಯ ಮೇಲೆ ಭಾಷಣವಿತ್ತು, ತಾಳ್ಮೆಯನ್ನು ಯಾವ ಪೆಟ್ಟಿಗೆಗೆ ಹಾಕಿದ್ದೆ, ಚೆನ್ನವೀರ?"

ಚೆನ್ನವೀರ ಎದ್ದು ಅಡುಗೆಮನೆಯ ಕಡೆ ನಡೆದ.