ಆಚೆ ದಡಕ್ಕೆ ಬಾರದ ಸಂದೇಶ

ಅದೊಂದು ಪುಟ್ಟ ದೇಶ. ಮೂಲೆಮೂಲೆಗೂ ಮಾಹಿತಿ ತಲುಪಿಸಿದ್ದೇವೆಂದು ಅಲ್ಲಿನ ಮಂತ್ರಿಗೆ ಬಹಳ ಹೆಮ್ಮೆ. ಆ ಮಳೆಗಾಲ ಹೊಳೆ ಉಕ್ಕಿ ಆಚೆ ದಡದ ಕೇರಿ ಕೊಚ್ಚಿಹೋಯಿತು. ದೋಣಿ ನಡೆಸುವ ಸಾಂತುವಿನ ತಂಗಿಯೂ ಹೋದಳು.

ನೀರು ಪೂರ್ತಿ ಇಳಿಯುವ ಮೊದಲೇ ಮಂತ್ರಿ ಕ್ಯಾಮೆರಾದವನನ್ನು ಕರೆದುಕೊಂಡು ಸಾಂತುವಿನ ದೋಣಿಯಲ್ಲಿ ಆ ದಡಕ್ಕೆ ಬಂದ.

“ಹೊಳೆ ಏರುತ್ತದೆಂದು ಎಲ್ಲರ ಫೋನಿಗೂ ಸಂದೇಶ ಕಳಿಸಿದ್ದೆವು. ಸಂದೇಶ ಬಂದಿತ್ತು, ಜನರೇ ಅಲಕ್ಷ್ಯ ಮಾಡಿದರು ಅಂತ ಕ್ಯಾಮೆರಾ ಮುಂದೆ ಹೇಳು. ಹೇಳದಿದ್ದರೆ ನಾಳೆಯಿಂದ ನಿನಗೆ ದೋಣಿ ಇಲ್ಲ,” ಎಂದ.

ಸಾಂತು ತಲೆಯಾಡಿಸಿದ.

“ಆಗಲಿ ಸ್ವಾಮಿ. ಈಗ ಊರ ಕಡೆ ಹೋಗಿ ಬರ್ತೀನಿ, ನೀವು ಇಲ್ಲೇ ಇರಿ. ಘಟ್ಟದ ಮೇಲೆ ಮತ್ತೆ ಮಳೆ ಹಿಡಿದಿದೆ. ನೀರು ಏರಿದರೆ ನಿಮ್ಮ ಫೋನಿಗೆ ಸಂದೇಶ ಕಳಿಸ್ತೀನಿ.”

ದೋಣಿಯನ್ನು ನೀರಿಗೆ ತಳ್ಳಿದ. ಮಂತ್ರಿ ಫೋನು ತೆಗೆದು ನೋಡಿದ. ಸಿಗ್ನಲ್ ಇರಲಿಲ್ಲ. ಮೊಣಕಾಲುದ್ದ ಕೆಸರಿಗೆ ಇಳಿದು ದೋಣಿಯ ಅಂಚು ಹಿಡಿದುಕೊಂಡ.

“ಬಿಟ್ಟು ಹೋಗಬೇಡಪ್ಪಾ. ಇಲ್ಲಿಗೆ ಯಾವ ಸಂದೇಶವೂ ಬರೋದಿಲ್ಲ.”

ಕ್ಯಾಮೆರಾ ಓಡುತ್ತಲೇ ಇತ್ತು.

“ನಾನೂ ಇದನ್ನೇ ಹೇಳಲಾ ಸ್ವಾಮಿ?” ಎಂದು ಸಾಂತು ಮೆಲ್ಲಗೆ ಕೇಳಿದ.

ಮಂತ್ರಿ ದೋಣಿ ಹತ್ತಿ ಕುಳಿತ.

ಕೆಲವೇ ದಿನಗಳಲ್ಲಿ ಸರ್ಕಾರ ಆ ದಡಕ್ಕೆ ಡಂಗುರ ಸಾರುವವನೊಬ್ಬನನ್ನು ನೇಮಿಸಿತು. ಕೇಳಿಸಿಕೊಳ್ಳಲು ಅಲ್ಲಿ ಹೆಚ್ಚು ಜನ ಉಳಿದಿರಲಿಲ್ಲ.