ಹಳದಿ ಸಾಲು

ಆಸ್ಪತ್ರೆಯ ಕಂಪ್ಯೂಟರಿನಲ್ಲಿದ್ದ ಡಯಾಲಿಸಿಸ್ ಸರದಿಪಟ್ಟಿಗೆ ಹೊಸ ಬಟನ್ ಬಂತು. ಒಮ್ಮೆ ಒತ್ತಿದರೆ ಸಾಕು, ಫೋನ್ ನಂಬರ್ ಇಲ್ಲದ ಸಾಲುಗಳೆಲ್ಲ ಅಳಿಸಿಹೋಗುತ್ತವೆ.

ಚೆನ್ನವ್ವನ ಹೆಸರಿದ್ದ ಸಾಲು ಬೇಡಿತು: "ತಡಿಯಪ್ಪಾ! ನನ್ನ ಮೈಮೇಲಿನ ಹಳದಿ ಬಣ್ಣ ನೋಡು. ಕ್ಲರ್ಕ್ ಪ್ರಮೀಳಕ್ಕ ಹಚ್ಚಿದ್ದು. ಈ ಅಜ್ಜಿಗೆ ಫೋನಿಲ್ಲ, ಸರದಿ ಬಂದಾಗ ಪಕ್ಕದ ಮನೆಗೆ ಹೇಳಿಕಳಿಸಬೇಕು ಅಂತ ಅದರ ಅರ್ಥ."

"ನನಗೆ ಬಣ್ಣ ಕಾಣುವುದಿಲ್ಲ, ಖಾಲಿ ಜಾಗ ಮಾತ್ರ ಕಾಣುತ್ತದೆ," ಎಂದಿತು ಬಟನ್.

"ಹಾಗಾದರೆ ಅಕ್ಕನನ್ನೇ ಒಂದು ಮಾತು ಕೇಳು!"

"ಕೇಳು ಅಂತ ನನ್ನೊಳಗೆ ಯಾರೂ ಬರೆದಿಲ್ಲವಲ್ಲ."

ಅಷ್ಟರಲ್ಲಿ ಪ್ರಮೀಳಕ್ಕ ಬಂದು, "ಅಬ್ಬಾ, ಅರ್ಧ ದಿನದ ಕೆಲಸ ತಪ್ಪಿತು," ಎನ್ನುತ್ತ ಬಟನ್ ಒತ್ತಿದಳು.

ಹತ್ತು ದಿನದ ಮೇಲೆ ಪಕ್ಕದ ಮನೆಯವರು ಬಂದು, ಕರೆಗೆ ಕಾಯುತ್ತಲೇ ಚೆನ್ನವ್ವ ತೀರಿಕೊಂಡಳು ಎಂದರು. ಹೆಸರು ತೆಗೆಯಲು ಪ್ರಮೀಳಕ್ಕ ಹಳದಿ ಸಾಲನ್ನು ಹುಡುಕತೊಡಗಿದಳು.

"ಅದನ್ನು ಆಗಲೇ ತೆಗೆದಿದ್ದೇನೆ," ಎಂದಿತು ಬಟನ್.